‘ಒಳಗೇ ಇರಿ’ ಅಂತ ಮೆಸೇಜ್ ಬಂದರೆ ಏನು ಮಾಡಬೇಕು: ಅಮೆರಿಕದ ಕ್ಯಾಂಪಸ್‌ಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಆಗಸ್ಟ್ ಬಂತು ಅಂದರೆ ನಾನಿರುವ ಊರಿಗೆ ಕನ್ನಡದ ಹೊಸ ಮಕ್ಕಳು ಬಂದಿಳಿಯುತ್ತಾರೆ. ಸೂಟ್‌ಕೇಸಿನಲ್ಲಿ ಕುಕ್ಕರ್ ಇರುತ್ತದೆ, ಚಟ್ನಿಪುಡಿ, ಹುಳಿಪುಡಿ ಇರುತ್ತದೆ, ಅಮ್ಮ ಬಲವಂತವಾಗಿ ತುರುಕಿದ ಮಾತ್ರೆ ಡಬ್ಬಿ ಇರುತ್ತದೆ. ಬ್ಯಾಂಕ್ ಅಕೌಂಟ್ ಹೇಗೆ ತೆರೆಯಬೇಕು, ಬಸ್ ಪಾಸ್ ಎಲ್ಲಿ ಸಿಗುತ್ತದೆ ಅಂತ ಸೀನಿಯರ್‌ಗಳು ಹೇಳಿಕೊಟ್ಟಿರುತ್ತಾರೆ. ಒಂದು ವಿಷಯ ಮಾತ್ರ ಯಾರೂ ಹೇಳಿರುವುದಿಲ್ಲ. ಕ್ಲಾಸಿನಲ್ಲಿ ಕೂತಿರುವಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡು ‘ಶೆಲ್ಟರ್ ಇನ್ ಪ್ಲೇಸ್’ ಅಂತ ಮೆಸೇಜ್ ಬಂದರೆ ಏನು ಮಾಡಬೇಕು ಅನ್ನುವುದು.

ನಾನು ಇಲ್ಲಿನ ಒಂದು ಯೂನಿವರ್ಸಿಟಿಯ ಲ್ಯಾಬ್ ಕಟ್ಟಡದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮಹಡಿಯ ಡ್ರಿಲ್ (ಅಪಾಯದ ಅಣಕು ಅಭ್ಯಾಸ) ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಪ್ರತಿ ವರ್ಷ ಒಂದೇ ತಪ್ಪು ಕಾಣುತ್ತೇನೆ. ‘ಒಳಗೇ ಇರಿ’ ಅಂದರೆ ಯಾವಾಗಲೂ ಒಂದೇ ಅರ್ಥ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಹಾಗಿಲ್ಲ. ಟೊರ್ನಾಡೊ, ಅಂದರೆ ಸುಂಟರಗಾಳಿ ಬಂದರೆ ಕೆಳಕ್ಕೆ ಇಳಿಯಬೇಕು. ವಿಷಗಾಳಿ ಬಂದರೆ ಮೇಲಕ್ಕೆ ಹತ್ತಬೇಕು. ಬಂದೂಕು ಹಿಡಿದವನು ಬಂದರೆ ದಾರಿ ಇದ್ದಾಗ ಓಡಬೇಕು, ಇಲ್ಲದಿದ್ದರೆ ಇರುವ ಕೋಣೆಯ ಬಾಗಿಲನ್ನು ಭದ್ರ ಮಾಡಿಕೊಳ್ಳಬೇಕು. ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡಿದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಮೆಸೇಜಿನ ಭಾಷೆ

ಈ ಮೆಸೇಜ್‌ಗಳ ಹಿಂದೆ ಒಂದು ಕಾನೂನಿದೆ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿಯ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಅನ್ನುವ ವಿದ್ಯಾರ್ಥಿನಿಯ ಕೊಲೆಯಾಯಿತು. ಅವಳ ತಂದೆತಾಯಿ ಪಟ್ಟುಹಿಡಿದು ಹೋರಾಡಿದ್ದರಿಂದ 1990ರಲ್ಲಿ, ಕ್ಯಾಂಪಸ್‌ನ ಅಪರಾಧಗಳನ್ನು ಯೂನಿವರ್ಸಿಟಿಗಳು ಬಹಿರಂಗ ಮಾಡಲೇಬೇಕು ಅನ್ನುವ ಕ್ಲೆರಿ ಕಾಯ್ದೆ ಬಂತು. ಆಮೇಲೆ 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ಯೂನಿವರ್ಸಿಟಿಯಲ್ಲಿ ಒಬ್ಬ ಬಂದೂಕುಧಾರಿಯ ಗುಂಡಿಗೆ 32 ಜನ ಸತ್ತರು. ಅವತ್ತು ಬೆಳಗ್ಗೆ 7:15ರ ಸುಮಾರಿಗೆ ಹಾಸ್ಟೆಲ್‌ನಲ್ಲಿ ಮೊದಲ ಗುಂಡು ಹಾರಿದ್ದರೆ, ಕ್ಯಾಂಪಸ್‌ಗೆ ಈಮೇಲ್ ಹೋದದ್ದು 9:26ಕ್ಕೆ. ಸ್ವಲ್ಪ ಹೊತ್ತಿನಲ್ಲೇ ನಾರಿಸ್ ಹಾಲ್ ಅನ್ನುವ ಕಟ್ಟಡದಲ್ಲಿ 30 ಜನರ ಪ್ರಾಣ ಹೋಯಿತು. ಅವರಲ್ಲಿ ತಮಿಳುನಾಡಿನಿಂದ ಬಂದು ಅಲ್ಲಿ ಪಾಠ ಮಾಡುತ್ತಿದ್ದ ಪ್ರೊಫೆಸರ್ ಜಿ.ವಿ. ಲೋಕನಾಥನ್ ಕೂಡ ಒಬ್ಬರು. 2008ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯ ಖಚಿತವಾದ ಕೂಡಲೇ ಕ್ಯಾಂಪಸ್‌ಗೆ ತಿಳಿಸುವುದು ಕಡ್ಡಾಯವಾಯಿತು. ನಿಮ್ಮ ಫೋನಿಗೆ ಬರುವ ಪ್ರತಿ ಎಚ್ಚರಿಕೆಯ ಹಿಂದೆ ಈ ಮಕ್ಕಳ ಸಾವಿದೆ. ಕಿರಿಕಿರಿ ಅಂತ ಸ್ವೈಪ್ ಮಾಡಿ ತಳ್ಳಬೇಡಿ.

ಇನ್ನು ಪದಗಳು. ‘ಲಾಕ್‌ಡೌನ್’ ಅಂದರೆ ಅಪಾಯ ಕಟ್ಟಡದ ಒಳಗೇ ಇದೆ ಅಥವಾ ತೀರಾ ಹತ್ತಿರ ಇದೆ. ಬಾಗಿಲು ಹಾಕಿ, ದೀಪ ಆರಿಸಿ, ಕಣ್ಣಿಗೆ ಬೀಳದ ಹಾಗೆ ಕೂರಿ ಅಂತ. ‘ಸೆಕ್ಯೂರ್’ ಅಂತಲೋ ‘ಲಾಕ್‌ಔಟ್’ ಅಂತಲೋ ಬಂದರೆ ಅಪಾಯ ಹೊರಗಿದೆ. ಕಟ್ಟಡದ ಹೊರಬಾಗಿಲು ಹಾಕಿರುತ್ತಾರೆ, ಒಳಗೆ ನಿಮ್ಮ ಕೆಲಸ ನೀವು ಮಾಡಿಕೊಂಡಿರಬಹುದು. ‘ಶೆಲ್ಟರ್’ ಅನ್ನುವುದು ಹೆಚ್ಚಾಗಿ ಹವಾಮಾನಕ್ಕೆ, ಗ್ಯಾಸ್ ಸೋರಿಕೆಗೆ ಬಳಸುವ ಪದ. ಆದರೆ ತೊಂದರೆ ಇರುವುದು ಇಲ್ಲೇ. ಎಷ್ಟೋ ಯೂನಿವರ್ಸಿಟಿಗಳು ಬಂದೂಕಿನ ಅಪಾಯಕ್ಕೂ ‘ಶೆಲ್ಟರ್ ಇನ್ ಪ್ಲೇಸ್’ ಅಂತಲೇ ಕಳಿಸುತ್ತವೆ. ಹಾಗಾಗಿ ಮೊದಲ ಪದ ನೋಡಿ ಓಡಬೇಡಿ. ಎರಡನೇ ಸಾಲು ಓದಿ. ಕಾರಣ ಏನು, ಜಾಗ ಯಾವುದು ಅನ್ನುವುದು ಅಲ್ಲಿರುತ್ತದೆ.

ಬಂದ ಮೊದಲ ವಾರ ಮಾಡಬೇಕಾದ್ದು

ಮೊದಲು ಫೋನ್ ನಂಬರ್. ಅಡ್ಮಿಷನ್ ಹೊತ್ತಿನಲ್ಲಿ ನೀವು ಕೊಟ್ಟದ್ದು +91 ನಂಬರ್, ಅಲ್ವಾ? ಇಲ್ಲಿ ಹೊಸ ಸಿಮ್ ತಗೊಂಡ ಮೇಲೆ ಯೂನಿವರ್ಸಿಟಿಯ ಎಚ್ಚರಿಕೆ ವ್ಯವಸ್ಥೆಯಲ್ಲಿ ಅದನ್ನು ಬದಲಾಯಿಸಲು ಬಹಳ ಜನ ಮರೆಯುತ್ತಾರೆ. ಒಮ್ಮೆ ಡ್ರಿಲ್ ಮುಗಿಸಿ ಕೇಳಿದಾಗ ಒಬ್ಬ ಹುಡುಗ, ‘ಮೆಸೇಜ್ ನಮ್ಮಪ್ಪನಿಗೆ ಹೋಗಿದೆ, ಅವರು ಗಾಬರಿಯಿಂದ ಫೋನ್ ಮಾಡ್ತಾ ಇದಾರೆ’ ಅಂದ. ಅಪ್ಪ ದಾವಣಗೆರೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದರು. ಇವತ್ತೇ ನಂಬರ್ ಬದಲಾಯಿಸಿ. ಫೋನ್ ಸೆಟ್ಟಿಂಗ್‌ನಲ್ಲಿ ಸರ್ಕಾರಿ ತುರ್ತು ಎಚ್ಚರಿಕೆಗಳನ್ನು ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಕ್ಯಾಂಪಸ್ ಪೊಲೀಸ್ ನಂಬರನ್ನೂ ಸೇವ್ ಮಾಡಿಕೊಳ್ಳಿ.

911ರ, ಅಂದರೆ ಇಲ್ಲಿನ ತುರ್ತು ಸಹಾಯದ ನಂಬರಿನ ಬಗ್ಗೆ ಒಂದು ಮಾತು. ಸಿಮ್ ಇಲ್ಲದ, ರೀಚಾರ್ಜ್ ಮುಗಿದ ಫೋನಿನಿಂದಲೂ ಅಮೆರಿಕದಲ್ಲಿ 911ಗೆ ಕರೆ ಹೋಗುತ್ತದೆ. ಆದರೆ ಅಂಥ ಫೋನಿಗೆ ಅವರು ವಾಪಸ್ ಕರೆ ಮಾಡಲು ಆಗುವುದಿಲ್ಲ, ಆದ್ದರಿಂದ ಲೈನ್ ಕಟ್ ಆಗುವ ಮೊದಲೇ ಎಲ್ಲಿದ್ದೀರಿ ಅಂತ ಹೇಳಿಬಿಡಿ. ಕಟ್ಟಡದ ಹೆಸರು, ಮಹಡಿ, ಕೋಣೆ ನಂಬರ್, ಈ ಮೂರು ಮೊದಲು. ಎಷ್ಟೋ ಕಡೆ 911ಗೆ ಮೆಸೇಜ್ ಕೂಡ ಮಾಡಬಹುದು. ಮಾತಾಡಿದರೆ ಅಪಾಯ ಅನ್ನುವಾಗ ಅದೇ ಕೈಹಿಡಿಯುವುದು. ಎಲ್ಲಾ ಊರಿನಲ್ಲೂ ಆ ಸೌಲಭ್ಯ ಇಲ್ಲ, ನಿಮ್ಮ ಊರಿನಲ್ಲಿ ಇದೆಯಾ ಅಂತ ಓರಿಯೆಂಟೇಷನ್ ದಿನವೇ ಕೇಳಿ. ಸುಮ್ನೆ ಪರೀಕ್ಷೆ ಮಾಡಲು ಮಾತ್ರ ಕಳಿಸಬೇಡಿ.

ಆಮೇಲೆ ನಿಮ್ಮ ಕಟ್ಟಡಗಳನ್ನು ಒಂದು ಸುತ್ತು ನಡೆದು ನೋಡಿ. ನೀವು ದಿನಾ ಹೋಗುವ ಕಟ್ಟಡ ನಾಲ್ಕೋ ಐದೋ ಇರಬಹುದು, ಒಂದು ಸಂಜೆಯ ಕೆಲಸ. ಬರುವ ಬಾಗಿಲು ಬಿಟ್ಟು ಬೇರೆ ಎರಡು ದಾರಿ ಹುಡುಕಿ. ನಾರಿಸ್ ಹಾಲ್‌ನಲ್ಲಿ ಕೊಲೆಗಾರ ಮುಖ್ಯ ಬಾಗಿಲುಗಳಿಗೆ ಒಳಗಿಂದ ಸರಪಳಿ ಸುತ್ತಿದ್ದ. ಒಂದೇ ದಾರಿ ಗೊತ್ತಿದ್ದರೆ ಸಾಲದು ಅನ್ನುವುದಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ. ‘ಟೊರ್ನಾಡೊ ಶೆಲ್ಟರ್’ ಅಂತ ಗೋಡೆಗೆ ಅಂಟಿಸಿದ ಬೋರ್ಡ್ ಎಲ್ಲಿದೆ ನೋಡಿ. ಎಇಡಿ (ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಪೆಟ್ಟಿಗೆ ಎಲ್ಲಿದೆ, ಅದರ ಪಕ್ಕದಲ್ಲಿ ರಕ್ತ ನಿಲ್ಲಿಸುವ ಕಿಟ್ ಇದೆಯಾ ನೋಡಿ.

ಬಾಗಿಲು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಮ್ಮ ಊರಿನ ಬಾಗಿಲಿಗೆ ಒಳಗಡೆ ಚಿಲಕ ಇರುತ್ತದೆ, ಅಗುಳಿ ಇರುತ್ತದೆ. ಕಣ್ಣು ಮುಚ್ಚಿಕೊಂಡು ಹಾಕುತ್ತೇವೆ. ಇಲ್ಲಿನ ಕ್ಲಾಸ್‌ರೂಮ್ ಬಾಗಿಲು ಹಾಗಲ್ಲ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಬಾಗಿಲಿಗೆ ಕೀಲಿಕೈ ಹಾಕುವ ಜಾಗ ಕಾರಿಡಾರ್ ಕಡೆಗೇ ಇರುತ್ತದೆ. ಅಂದರೆ ಬಾಗಿಲು ಭದ್ರ ಮಾಡಬೇಕಾದರೆ ಹೊರಗೆ ಹೋಗಬೇಕು, ಅದಕ್ಕೆ ಕೀಲಿಯೂ ಬೇಕು. ಹೊಸ ಕಟ್ಟಡಗಳಲ್ಲಿ ಹಿಡಿಯ ಮೇಲೋ ಕೆಳಗೋ ತಿರುಗಿಸುವ ಗುಂಡಿ ಇರುತ್ತದೆ. ನಿಮ್ಮ ಐಡಿ ಕಾರ್ಡ್ ಉಜ್ಜಿ ತೆರೆಯುವ ಬಾಗಿಲನ್ನು ಕಂಟ್ರೋಲ್ ರೂಮಿನಿಂದ ಲಾಕ್ ಮಾಡುತ್ತಾರೆ, ಆದರೆ ಅದು ಹೆಚ್ಚಾಗಿ ಹೊರಬಾಗಿಲು ಮಾತ್ರ.

ಆದ್ದರಿಂದ ಪ್ರತಿ ಸೆಮಿಸ್ಟರ್‌ನ ಮೊದಲ ಕ್ಲಾಸಿಗೆ ಐದು ನಿಮಿಷ ಮುಂಚೆ ಹೋಗಿ ಬಾಗಿಲಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಳಗಿಂದ ಲಾಕ್ ಆಗುತ್ತದೆಯಾ? ಒಳಕ್ಕೆ ತೆರೆಯುತ್ತದೆಯಾ, ಹೊರಕ್ಕಾ? ಬಾಗಿಲಿನಲ್ಲಿ ಗಾಜು ಇದೆಯಾ?

ಎರಡನೇ ಪ್ರಶ್ನೆಯನ್ನು ಜನ ಯೋಚಿಸುವುದೇ ಇಲ್ಲ. ಬಾಗಿಲು ಒಳಕ್ಕೆ ತೆರೆಯುವುದಾದರೆ ಕೆಲಸ ಸುಲಭ. ಮೇಜು, ಕುರ್ಚಿ, ಕಪಾಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಗಿಲಿಗೆ ಒತ್ತಿ ಇಡಿ. ಸಾಧ್ಯವಾದರೆ ಎದುರು ಗೋಡೆಯವರೆಗೂ ಸಾಲಾಗಿ ತುಂಬಿಸಿ, ಆಗ ತಳ್ಳಿದರೂ ಸರಿಯುವುದಿಲ್ಲ. ಬಾಗಿಲಿನ ಅಡಿಗೆ ಮರದ ಬೆಣೆ ಸಿಕ್ಕರೆ ಕಾಲಿನಿಂದ ಒದ್ದು ಬಿಗಿ ಮಾಡಿ. ವರ್ಜೀನಿಯಾ ಟೆಕ್‌ನ 205ನೇ ಕೋಣೆಯಲ್ಲಿದ್ದವರು ದೊಡ್ಡ ಮೇಜನ್ನು ಬಾಗಿಲಿಗೆ ಅಡ್ಡ ಹಿಡಿದು, ನೆಲದ ಮೇಲೆ ಮಲಗಿ ಒತ್ತಿಕೊಂಡಿದ್ದರು. ಕೊಲೆಗಾರ ತಳ್ಳಿದ, ಬಾಗಿಲಿನ ಮೂಲಕವೇ ಗುಂಡು ಹೊಡೆದ. ಒಳಗೆ ಬರಲು ಆಗಲಿಲ್ಲ. ಆ ಕೋಣೆಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಅದೇ ಮಹಡಿಯ 204ರಲ್ಲಿ 76 ವರ್ಷದ ಪ್ರೊಫೆಸರ್ ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈಕೊಟ್ಟು ನಿಂತರು. ಹೆಚ್ಚಿನ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿ ಬದುಕಿಕೊಂಡರು. ಪ್ರೊಫೆಸರ್ ಬದುಕಲಿಲ್ಲ.

ಬಾಗಿಲು ಹೊರಕ್ಕೆ ತೆರೆಯುವುದಾದರೆ ಮೇಜು ಒತ್ತಿಟ್ಟು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ, ಬಂದೂಕಿನವನು ತನ್ನ ಕಡೆಗೆ ಎಳೆದರೆ ತೆರೆದುಕೊಳ್ಳುತ್ತದೆ. ಜಾಸ್ತಿ ಜನ ಕೂರುವ ದೊಡ್ಡ ಹಾಲ್‌ಗಳ ಬಾಗಿಲು ಹೊರಕ್ಕೇ ತೆರೆಯಬೇಕು ಅಂತ ಬೆಂಕಿ ಸುರಕ್ಷತೆಯ ನಿಯಮವೇ ಇದೆ. ಅಲ್ಲಿ ಮಾಡಬೇಕಾದ್ದು ಕಟ್ಟುವುದು. 2016ರ ಜೂನ್ 1ರಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ ಗುಂಡಿನ ಸುದ್ದಿ ಬಂದಾಗ ಮಕ್ಕಳಿಗೆ ಇದೇ ಸಮಸ್ಯೆ ಎದುರಾಯಿತು. ಲಾಕ್ ಇಲ್ಲ, ಬಾಗಿಲು ಹೊರಕ್ಕೆ ತೆರೆಯುತ್ತದೆ. ಬೆಲ್ಟ್, ವೈರ್, ಏನು ಸಿಕ್ಕಿತೋ ಅದನ್ನು ಹಿಡಿಗೆ ಕಟ್ಟಿ ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿಗೆ ಬಿಗಿದರು.

ನನ್ನ ಕಣ್ಣೆದುರಿಗೇ ನಡೆದ ಒಂದನ್ನು ಹೇಳಬೇಕು. ಕೆಲವು ವರ್ಷದ ಹಿಂದೆ ನಾವು ಮೂರನೇ ಮಹಡಿಯ ಒಂದು ಸಣ್ಣ ಸೆಮಿನಾರ್ ಕೋಣೆಯಲ್ಲಿದ್ದಾಗ ಲಾಕ್‌ಡೌನ್ ಮೆಸೇಜ್ ಬಂತು. ಬಾಗಿಲು ಹೊರಕ್ಕೆ. ಒಳಗೆ ಗುಂಡಿ ಇಲ್ಲ. ಹಿಡಿ ನುಣ್ಣಗಿತ್ತು, ಹಗ್ಗ ಕಟ್ಟಿದರೆ ಜಾರುತ್ತಿತ್ತು. ಬಾಗಿಲಿನ ತಲೆಯ ಮೇಲೆ ಡೋರ್ ಕ್ಲೋಸರ್ ಇತ್ತು. ಅದೇ, ಬಾಗಿಲನ್ನು ತಾನೇ ಮುಚ್ಚಿಸುವ, ಮೊಣಕೈ ಹಾಗೆ ಮಡಚಿಕೊಳ್ಳುವ ಎರಡು ಕಬ್ಬಿಣದ ಪಟ್ಟಿ. ಒಬ್ಬ ಹುಡುಗಿ ಕುರ್ಚಿ ಹತ್ತಿ, ಪಕ್ಕದವನ ಬೆಲ್ಟ್ ಇಸಿದುಕೊಂಡು ಆ ಎರಡು ಪಟ್ಟಿಯನ್ನೂ ಸೇರಿಸಿ ಮೂರು ಸುತ್ತು ಸುತ್ತಿ ಬಕಲ್ ಎಳೆದಳು. ನಾನು ಎಳೆದು ನೋಡಿದೆ. ಎರಡು ಬೆರಳಿನಷ್ಟು ತೆರೆದು ನಿಂತಿತು. ಪಟ್ಟಿ ಬಿಚ್ಚಿಕೊಳ್ಳದೆ ಬಾಗಿಲು ತೆರೆಯಲಾರದು. ಅವಳ ಕೈ ನಡುಗುತ್ತಿತ್ತು, ಬೆಲ್ಟ್ ಮಾತ್ರ ಬಿಗಿಯಾಗಿತ್ತು. ಕೊನೆಗೆ ಅದು ಸುಳ್ಳು ಕರೆ ಅಂತ ಗೊತ್ತಾಯಿತು. ಆದರೂ ಆ ಕೋಣೆಗೆ ಒಳಗಿಂದ ಹಾಕುವ ಲಾಕ್ ಬರುವವರೆಗೂ ನಾನು ಸಂಬಂಧಪಟ್ಟವರಿಗೆ ಬರೆಯುವುದನ್ನು ನಿಲ್ಲಿಸಲಿಲ್ಲ. ನಿಮ್ಮ ಕೋಣೆಗೂ ಇಲ್ಲದಿದ್ದರೆ ನೀವೂ ಬರೆಯಿರಿ. ಫೀಸ್ ಕಟ್ಟುತ್ತೀರಿ, ಕೇಳುವ ಹಕ್ಕಿದೆ. ಬಾಗಿಲಿಗೆ ಹಾಕುವ ಸಾಧನಗಳನ್ನು ನೀವೇ ಆನ್‌ಲೈನ್‌ನಲ್ಲಿ ತರಿಸಿ ಕೂರಿಸಲು ಮಾತ್ರ ಹೋಗಬೇಡಿ, ಬೆಂಕಿ ಬಿದ್ದಾಗ ಅದೇ ಉರುಳಾಗಬಹುದು.

ಓಡುವುದಾ, ಅಡಗುವುದಾ

ಇಲ್ಲಿ ಕಲಿಸುವುದು ಮೂರು ಪದ: ಓಡಿ, ಅಡಗಿ, ಎದುರಿಸಿ. ಆ ಕ್ರಮದಲ್ಲೇ.

ಗುಂಡಿನ ಸದ್ದು ದೂರದಿಂದ ಬರುತ್ತಿದೆ, ಹೊರಹೋಗುವ ದಾರಿ ಎದುರಿಗೇ ಇದೆ ಅಂದರೆ ಓಡಿ. ಬ್ಯಾಗ್ ಬಿಡಿ, ಲ್ಯಾಪ್‌ಟಾಪ್ ಬಿಡಿ. ಥೀಸಿಸ್ ಅದರಲ್ಲೇ ಇದೆ ಅಂದರೂ ಬಿಡಿ. ಪಕ್ಕದವರನ್ನು ಒಂದು ಸಲ ಕರೆಯಿರಿ, ಬರದಿದ್ದರೆ ನಿಲ್ಲಬೇಡಿ. ಇದು ಕೇಳಲು ಕಷ್ಟ ಅಂತ ಗೊತ್ತು, ನಮಗೆ ಗೆಳೆಯರನ್ನು ಬಿಟ್ಟು ಬರುವ ಅಭ್ಯಾಸವಿಲ್ಲ. ಆದರೆ ಬಾಗಿಲಲ್ಲಿ ನಿಂತು ವಾದ ಮಾಡಿದರೆ ಇಬ್ಬರೂ ಉಳಿಯುವುದಿಲ್ಲ. ಹೊರಬಂದ ಮೇಲೆ ಪಾರ್ಕಿಂಗ್‌ನಲ್ಲಿ ನಿಲ್ಲದೆ ದೂರ ಹೋಗಿ, ಆಮೇಲೆ 911.

ದಾರಿ ಇಲ್ಲ, ಅಥವಾ ಸದ್ದು ಯಾವ ಕಡೆಯಿಂದ ಅಂತ ಗೊತ್ತಾಗುತ್ತಿಲ್ಲ ಅಂದರೆ ಅಡಗಿ. ಕಾರಿಡಾರ್‌ನಲ್ಲಿ ಇದ್ದರೆ ಹತ್ತಿರದ ಕೋಣೆಗೆ ನುಗ್ಗಿ. ಒಳಗೆ ಹೋದ ಮೇಲೆ ಮಾಡಬೇಕಾದ ಕ್ರಮ ಹೀಗೆ:

1. ಬಾಗಿಲು ಲಾಕ್ ಮಾಡಿ, ಇಲ್ಲವೇ ಕಟ್ಟಿ, ಇಲ್ಲವೇ ಅಡ್ಡ ಇಡಿ. ಲಾಕ್ ಆದರೂ ಅಡ್ಡ ಇಡುವುದು ಒಳ್ಳೆಯದು.
2. ದೀಪ ಆರಿಸಿ. ಬಾಗಿಲಿನ ಗಾಜಿಗೆ ಜಾಕೆಟ್ಟೋ ಕಾಗದವೋ ಮುಚ್ಚಿ. ಪ್ರೊಜೆಕ್ಟರ್ ಬೆಳಕನ್ನು ಮರೆಯಬೇಡಿ.
3. ಬಾಗಿಲಿಗೆ ನೇರವಾಗಿ ಕೂರಬೇಡಿ. ಬಾಗಿಲಿರುವ ಗೋಡೆಯ ಮೂಲೆಗೆ, ಗಾಜಿನಿಂದ ಇಣುಕಿದರೆ ಕಾಣದ ಜಾಗಕ್ಕೆ ಹೋಗಿ. ಕಾಂಕ್ರೀಟ್ ಕಂಬ, ತುಂಬಿದ ಪುಸ್ತಕದ ಕಪಾಟು ಇದ್ದರೆ ಅದರ ಹಿಂದೆ. ಇಲ್ಲಿನ ಒಳಗೋಡೆಗಳು ಎಷ್ಟೋ ಕಡೆ ಬರೀ ಜಿಪ್ಸಮ್ ಹಲಗೆ, ಗುಂಡು ಸಲೀಸಾಗಿ ತೂರಿಬರುತ್ತದೆ. ನಮ್ಮೂರಿನ ಇಟ್ಟಿಗೆ ಗೋಡೆ ಅಂದುಕೊಂಡು ಒರಗಬೇಡಿ.
4. ಫೋನನ್ನು ಪೂರ್ತಿ ಸೈಲೆಂಟ್ ಮಾಡಿ, ವೈಬ್ರೇಷನ್ ಕೂಡ ಬೇಡ. ಮೇಜಿನ ಮೇಲೆ ಇಟ್ಟ ಫೋನ್ ಗುಂಯ್‌ಗುಟ್ಟಿದರೆ ಕಾರಿಡಾರ್‌ಗೆ ಕೇಳುತ್ತದೆ. ವಾಚು, ಲ್ಯಾಪ್‌ಟಾಪಿನ ಮೆಸೇಜ್ ಸದ್ದು, ಎಲ್ಲಾ.
5. ಬಾಗಿಲು ಹಾಕುವ ಮೊದಲು ಕಣ್ಣಳತೆಯಲ್ಲಿ ಯಾರಾದರೂ ಓಡಿಬರುತ್ತಿದ್ದರೆ ಒಳಗೆಳೆದುಕೊಳ್ಳಿ. ಒಮ್ಮೆ ಹಾಕಿದ ಮೇಲೆ ಯಾರು ತಟ್ಟಿದರೂ ತೆಗೆಯಬೇಡಿ. ಪೊಲೀಸರ ಹತ್ತಿರ ಕೀಲಿ ಇರುತ್ತದೆ.

ಬಂದೂಕಿನವನು ಕೋಣೆಗೆ ನುಗ್ಗಿಯೇ ಬಿಟ್ಟರೆ ಕೈಕಟ್ಟಿ ಕೂರಬೇಡಿ. ಫೈರ್ ಎಕ್ಸ್‌ಟಿಂಗ್ವಿಶರ್, ಕುರ್ಚಿ, ಬಿಸಿ ಕಾಫಿ, ಏನಿದೆಯೋ ಅದನ್ನು ಎಲ್ಲರೂ ಒಟ್ಟಿಗೆ ಮುಖಕ್ಕೆ ಎಸೆದು ಮೇಲೆ ಬೀಳಿ. ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನಗೂ ಮನಸ್ಸಿಲ್ಲ. ಆದರೆ ಗೊತ್ತಿರಲಿ.

ಕಾಯುವ ಗಂಟೆಗಳು

ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ. 2023ರ ಫೆಬ್ರವರಿ 13ರ ರಾತ್ರಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂವರು ವಿದ್ಯಾರ್ಥಿಗಳು ಗುಂಡಿಗೆ ಸತ್ತರು, ಐವರಿಗೆ ಗಾಯವಾಯಿತು. ಅವತ್ತು ಕ್ಯಾಂಪಸ್ಸಿಡೀ ಸುಮಾರು ನಾಲ್ಕು ಗಂಟೆ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂತಿತ್ತು.

ನಾಲ್ಕು ಗಂಟೆಯಲ್ಲಿ ಮನುಷ್ಯನಿಗೆ ಏನೇನು ಬೇಕಾಗುತ್ತದೆ ಯೋಚಿಸಿ. ಫೋನ್ ಚಾರ್ಜ್ ಮುಗಿಯುತ್ತದೆ, ಆದ್ದರಿಂದ ಬ್ಯಾಗಿನಲ್ಲಿ ಒಂದು ಪವರ್ ಬ್ಯಾಂಕ್ ಇರಲಿ. ಅಸ್ತಮಾ ಇರುವವರು ಇನ್‌ಹೇಲರ್, ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ಜೊತೆಗೆ ಒಂದಿಷ್ಟು ಸಿಹಿ, ನೀರಿನ ಬಾಟಲ್, ಇವು ದಿನಾ ಜೊತೆಯಲ್ಲಿರಲಿ. ಮೂತ್ರ ಬಂದರೆ ಕೋಣೆ ಬಿಟ್ಟು ಹೋಗುವ ಹಾಗಿಲ್ಲ. ಮೂಲೆಯಲ್ಲಿ ಕಸದ ಬುಟ್ಟಿ, ಮುಂದೆ ಇಬ್ಬರು ಜಾಕೆಟ್ ಹಿಡಿದು ಮರೆ ಮಾಡಿದರೆ ಸಾಕು. ನಾಚಿಕೆಪಟ್ಟು ಬಾಗಿಲು ತೆರೆಯುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಈ ಹೊತ್ತಿನಲ್ಲಿ ಫೈರ್ ಅಲಾರಂ ಹೊಡೆದುಕೊಂಡರೆ? ಬೇರೆ ದಿನವಾದರೆ ಎದ್ದು ಹೊರಡಬೇಕು. ಲಾಕ್‌ಡೌನ್ ನಡುವೆ ಮಾತ್ರ ಒಂದು ಕ್ಷಣ ನಿಲ್ಲಿ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಊರಿನ ಒಂದು ಹೈಸ್ಕೂಲಿನಲ್ಲಿ ಗುಂಡಿನ ಹೊಗೆ ದೂಳಿಗೆ ಅಲಾರಂ ಹೊಡೆದುಕೊಂಡು, ಬೆಂಕಿ ಅಂದುಕೊಂಡು ಮಕ್ಕಳು ಕಾರಿಡಾರ್‌ಗೆ ಬಂದುಬಿಟ್ಟರು. ಹೊಗೆ ಕಾಣುತ್ತಿದೆಯಾ, ಸುಟ್ಟ ವಾಸನೆ ಇದೆಯಾ, ಕೈಯ ಹಿಂಭಾಗ ತಾಗಿಸಿದರೆ ಬಾಗಿಲು ಬಿಸಿ ಇದೆಯಾ ನೋಡಿ. ನಿಜವಾದ ಬೆಂಕಿ ಅಂತ ಗೊತ್ತಾದರೆ ಮಾತ್ರ ಹೊರಡಿ.

ಗಾಯವಾದವರು ಕೋಣೆಯಲ್ಲಿದ್ದರೆ ಆಂಬುಲೆನ್ಸ್ ಬರುವವರೆಗೆ ನೀವೇ ಡಾಕ್ಟರು. ಚಿಮ್ಮುವ ರಕ್ತಕ್ಕೆ ಬಟ್ಟೆ ಇಟ್ಟು ಎರಡೂ ಕೈಯಿಂದ ಮೈಭಾರ ಬಿಟ್ಟು ಒತ್ತಿ. ನಡುನಡುವೆ ಎತ್ತಿ ನೋಡಬೇಡಿ. ಕೈಕಾಲಿನ ಗಾಯಕ್ಕೆ ಕಿಟ್‌ನಲ್ಲಿ ಟೂರ್ನಿಕೆ (ರಕ್ತ ನಿಲ್ಲಿಸಲು ಬಿಗಿಯುವ) ಪಟ್ಟಿ ಇದ್ದರೆ ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮೊಣಕೈ ಮೊಣಕಾಲಿನ ಕೀಲಿನ ಮೇಲೆ ಬೀಳದ ಹಾಗೆ ಕಟ್ಟಿ, ರಕ್ತ ನಿಲ್ಲುವವರೆಗೆ ಅದರ ಕಡ್ಡಿಯನ್ನು ತಿರುಗಿಸಿ. ತುಂಬಾ ನೋಯುತ್ತದೆ, ಕೂಗಿಕೊಳ್ಳುತ್ತಾರೆ, ಸಡಿಲ ಮಾಡಬೇಡಿ. ಕಟ್ಟಿದ ಹೊತ್ತನ್ನು ಬರೆದಿಡಿ. ಬಹುತೇಕ ಕ್ಯಾಂಪಸ್‌ಗಳಲ್ಲಿ ‘ಸ್ಟಾಪ್ ದ ಬ್ಲೀಡ್’ ತರಬೇತಿ ಸಿಗುತ್ತದೆ, ಒಂದೆರಡು ಗಂಟೆಯ ಕೆಲಸ. ದಯವಿಟ್ಟು ಹೋಗಿ.

ಸುಳ್ಳು ಕರೆಗಳೂ ಬರುತ್ತವೆ. 2025ರ ಆಗಸ್ಟ್ 21ರಂದು ಒಂದೇ ದಿನ ವಿಲನೋವಾ ಯೂನಿವರ್ಸಿಟಿಗೂ ಚಟ್ಟನೂಗಾದ ಟೆನೆಸಿ ಯೂನಿವರ್ಸಿಟಿಗೂ ಬಂದೂಕುಧಾರಿ ಇದ್ದಾನೆ ಅಂತ ಸುಳ್ಳು ಕರೆ ಹೋಗಿ ಮಕ್ಕಳು ದಿಕ್ಕಾಪಾಲಾಗಿ ಓಡಿದರು. ಬೆಂಗಳೂರಿನಲ್ಲೂ 2023ರ ಡಿಸೆಂಬರ್ 1ರಂದು ಹತ್ತಾರು ಶಾಲೆಗಳಿಗೆ ಬಾಂಬ್ ಈಮೇಲ್ ಬಂದು ಅಪ್ಪ ಅಮ್ಮಂದಿರು ಗೇಟಿಗೆ ಓಡಿದ್ದು ನೆನಪಿರಬಹುದು. ‘ಇದೂ ಸುಳ್ಳೇ ಇರಬೇಕು’ ಅಂತ ತೀರ್ಮಾನ ಮಾಡುವುದು ಪೊಲೀಸರ ಕೆಲಸ. ನೀವು ಪ್ರತಿ ಸಲ ನಿಜ ಅಂತಲೇ ನಡೆದುಕೊಳ್ಳಿ.

ಪೊಲೀಸರು ಒಳಗೆ ಬಂದಾಗ

ಅವರಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ. ಕೈ ಮೇಲೆತ್ತಿ, ಬೆರಳು ಅಗಲಿಸಿ, ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡಿ. ಫೋನ್ ಕೂಡ. ಕತ್ತಲಲ್ಲಿ ಕಪ್ಪು ಫೋನ್ ಏನೇನೋ ಆಗಿ ಕಾಣಬಹುದು. ಅವರ ಕಡೆಗೆ ಓಡಬೇಡಿ, ಹಿಡಿದುಕೊಳ್ಳಬೇಡಿ, ಬೆರಳು ಮಾಡಿ ತೋರಿಸಬೇಡಿ, ಕಿರುಚಬೇಡಿ. ಜೇಬಿಗೆ ಕೈ ಹಾಕಿ ಐಡಿ ತೆಗೆಯಲು ಹೋಗಬೇಡಿ. ಹೇಳಿದ್ದು ಅರ್ಥವಾಗದಿದ್ದರೆ ಅಲುಗಾಡದೆ ನಿಂತು ‘ಅರ್ಥ ಆಗಲಿಲ್ಲ’ ಅಂತ ಇಂಗ್ಲಿಷಿನಲ್ಲಿ ಹೇಳಿ. ಮೊದಲು ಬರುವ ತಂಡ ಗಾಯಗೊಂಡವರನ್ನು ದಾಟಿಕೊಂಡು ಹೋಗಬಹುದು. ಬಂದೂಕಿನವನನ್ನು ನಿಲ್ಲಿಸುವುದು ಅವರ ಮೊದಲ ಕೆಲಸ. ಚಿಕಿತ್ಸೆ ಕೊಡುವವರು ಹಿಂದೆ ಬರುತ್ತಾರೆ.

ಟೊರ್ನಾಡೊ ಬಂದರೆ

ಮಧ್ಯ ಮತ್ತು ದಕ್ಷಿಣದ ರಾಜ್ಯಗಳಿಗೆ ಹೋಗುವವರು ಇದನ್ನು ಎರಡು ಸಲ ಓದಿ. ನಿಮ್ಮ ಓದು ಮುಗಿಯುವುದರೊಳಗೆ ಬಂದೂಕಿನ ಎಚ್ಚರಿಕೆ ಬರದೇ ಇರಬಹುದು, ಇದು ಬರುವ ಸಾಧ್ಯತೆ ಅದಕ್ಕಿಂತ ಎಷ್ಟೋ ಜಾಸ್ತಿ.

‘ಟೊರ್ನಾಡೊ ವಾಚ್’ ಅಂದರೆ ಆಗಬಹುದಾದ ವಾತಾವರಣ ಇದೆ, ಎಚ್ಚರವಾಗಿರಿ ಅಂತ. ‘ಟೊರ್ನಾಡೊ ವಾರ್ನಿಂಗ್’ ಅಂದರೆ ಕಂಡಿದೆ ಅಥವಾ ರೇಡಾರ್‌ನಲ್ಲಿ ಸಿಕ್ಕಿದೆ. ಆಗ ಕೈಯಲ್ಲಿರುವುದು ಕೆಲವೇ ನಿಮಿಷ. ಲಿಫ್ಟ್ ಬೇಡ, ಮೆಟ್ಟಿಲಿಳಿದು ಎಲ್ಲಕ್ಕಿಂತ ಕೆಳಗಿನ ಮಹಡಿಗೆ ಹೋಗಿ. ಕಟ್ಟಡದ ನಡುಭಾಗದ ಕಿಟಕಿಯಿಲ್ಲದ ಸಣ್ಣ ಕೋಣೆ ಹುಡುಕಿ. ಬಾತ್‌ರೂಮ್, ಮೆಟ್ಟಿಲಿನ ಕೆಳಗಿನ ಜಾಗ, ಒಳಗಿನ ಕಾರಿಡಾರ್ ಆಗಬಹುದು. ಮೊಣಕಾಲೂರಿ ತಲೆ ತಗ್ಗಿಸಿ, ಬ್ಯಾಗೋ ದಪ್ಪ ಪುಸ್ತಕವೋ ತಲೆ ಕತ್ತಿನ ಮೇಲೆ ಹಿಡಿದುಕೊಳ್ಳಿ. ಜಿಮ್, ಆಡಿಟೋರಿಯಂ, ದೊಡ್ಡ ಊಟದ ಹಾಲ್ ಬೇಡವೇ ಬೇಡ. ಕಂಬವಿಲ್ಲದ ಅಗಲ ಚಾವಣಿ ಸುಲಭವಾಗಿ ಕುಸಿಯುತ್ತದೆ. ಒತ್ತಡ ಕಡಿಮೆ ಆಗಲಿ ಅಂತ ಕಿಟಕಿ ತೆರೆಯಿರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಹಳೆಯ ತಪ್ಪು ಕಲ್ಪನೆ.

2008ರ ಫೆಬ್ರವರಿ 5ರ ಸಂಜೆ ಟೆನೆಸಿಯ ಜಾಕ್ಸನ್ ಊರಿನ ಯೂನಿಯನ್ ಯೂನಿವರ್ಸಿಟಿಯ ಹಾಸ್ಟೆಲ್‌ಗಳ ಮೇಲೆ ಇಎಫ್-4 ಬಲದ, ಅಂದರೆ ಭಾರೀ ವಿನಾಶ ಮಾಡುವಂಥ ಟೊರ್ನಾಡೊ ಹಾದುಹೋಯಿತು. ಕಟ್ಟಡಗಳು ನುಚ್ಚುನೂರಾದವು. ಹತ್ತಾರು ಮಕ್ಕಳಿಗೆ ಗಾಯವಾಯಿತು, ಕೆಲವರು ಗಂಟೆಗಟ್ಟಲೆ ಅವಶೇಷದಡಿ ಸಿಕ್ಕಿಕೊಂಡಿದ್ದರು. ಒಬ್ಬರೂ ಸಾಯಲಿಲ್ಲ. ಎಚ್ಚರಿಕೆ ಬಂದಾಗ ಅವರು ಕೆಳಗಿನ ಮಹಡಿಯ ಬಾತ್‌ರೂಮ್‌ಗಳಲ್ಲಿ ಒತ್ತೊತ್ತಾಗಿ ಕೂತಿದ್ದರು.

ಊರಿನ ಸೈರನ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಅದು ಬಯಲಿನಲ್ಲಿ ಇರುವವರಿಗಾಗಿ ಇಟ್ಟದ್ದು. ಕಿಟಕಿ ಮುಚ್ಚಿ, ಹೀಟರ್ ಹಾಕಿ ಮಲಗಿದರೆ ಕೇಳಿಸದೇ ಇರಬಹುದು. ರಾತ್ರಿ ಫೋನ್ ಎಚ್ಚರಿಕೆಯನ್ನೇ ನಂಬಿ. ಇನ್ನು ಎಷ್ಟೋ ಊರಿನಲ್ಲಿ ತಿಂಗಳಿಗೊಮ್ಮೆ ನಿಗದಿತ ದಿನ ಸೈರನ್ ಪರೀಕ್ಷೆ ಮಾಡುತ್ತಾರೆ, ಯಾವ ದಿನ ಅಂತ ತಿಳಿದುಕೊಂಡರೆ ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ.

ವಿಷಗಾಳಿ ಬಂದರೆ

ಪಕ್ಕದ ರೈಲು ಹಳಿಯಲ್ಲಿ ಟ್ಯಾಂಕರ್ ಉರುಳಿದರೆ, ಕೆಮಿಸ್ಟ್ರಿ ಕಟ್ಟಡದಲ್ಲಿ ಏನಾದರೂ ಚೆಲ್ಲಿದರೆ, ಆಗ ಮೇಲೆ ಹೇಳಿದ್ದಕ್ಕೆ ಉಲ್ಟಾ. ನೆಲಮಾಳಿಗೆಗೆ ಇಳಿಯಬೇಡಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿಗೆ ಹರಿದು ತುಂಬಿಕೊಳ್ಳುತ್ತದೆ. 2005ರ ಜನವರಿಯಲ್ಲಿ ಸೌತ್ ಕ್ಯಾರೊಲಿನಾದ ಗ್ರಾನೈಟ್‌ವಿಲ್‌ನಲ್ಲಿ ರೈಲು ಡಿಕ್ಕಿಯಾಗಿ ಕ್ಲೋರಿನ್ ಸೋರಿ 9 ಜನ ಸತ್ತರು. ನಮಗೆ ಭೋಪಾಲ್ ಗೊತ್ತೇ ಇದೆ. 1984ರ ಡಿಸೆಂಬರ್‌ನ ಆ ರಾತ್ರಿ ಗಾಳಿಗಿಂತ ಭಾರವಾದ ಅನಿಲ ನೆಲ ಹಿಡಿದು ಹರಿಯಿತು, ಓಡಿದವರು ಏದುಸಿರಿನಲ್ಲಿ ಇನ್ನಷ್ಟು ವಿಷ ಒಳಗೆಳೆದುಕೊಂಡರು.

ಎರಡನೆಯದೋ ಮೂರನೆಯದೋ ಮಹಡಿಯ ಒಳಕೋಣೆಗೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ. ಎಸಿ, ಹೀಟರ್, ಫ್ಯಾನ್, ಹೊರಗಿನ ಗಾಳಿ ಎಳೆಯುವ ಎಲ್ಲವನ್ನೂ ನಿಲ್ಲಿಸಿ. ಕಟ್ಟಡದ ಎಸಿಯನ್ನು ನೀವು ನಿಲ್ಲಿಸಲು ಆಗದಿದ್ದರೆ ಗಾಳಿ ಬರುವ ಜಾಲರಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಟೇಪ್ ಅಂಟಿಸಿ. ಬಾಗಿಲಿನ ಅಡಿಗೆ ಒದ್ದೆ ಟವೆಲ್ ಸುರುಳಿ ಮಾಡಿ ಒತ್ತಿ. ಉಸಿರಾಟಕ್ಕೆ ತೊಂದರೆಯಾದರೆ ಮೂಗು ಬಾಯಿಗೆ ಒದ್ದೆ ಬಟ್ಟೆ. ಇದು ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ‘ಆಲ್ ಕ್ಲಿಯರ್’ (ಅಪಾಯ ಮುಗಿಯಿತು) ಅಂತ ಬಂದ ಮೇಲೆ ಒಂದು ಕೆಲಸ ಮರೆಯಬೇಡಿ: ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬಂದುಬಿಡಿ. ಹೊರಗಿನ ಗಾಳಿ ಆಗ ಚೊಕ್ಕಟವಾಗಿರುತ್ತದೆ, ಒಳಗೆ ಸಿಕ್ಕಿಕೊಂಡದ್ದೇ ಕೆಟ್ಟದ್ದು.

ಕ್ಯಾಲಿಫೋರ್ನಿಯಾದವರಿಗೆ ಭೂಕಂಪದ ಬಗ್ಗೆ ಎರಡೇ ಸಾಲು. ನೆಲ ನಡುಗುವಾಗ ಹೊರಗೆ ಓಡಬೇಡಿ, ಬಾಗಿಲ ಚೌಕಟ್ಟಿನಲ್ಲೂ ನಿಲ್ಲಬೇಡಿ. ಗಟ್ಟಿ ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದುಕೊಳ್ಳಿ, ನಿಂತ ಮೇಲೆ ಹೊರಬನ್ನಿ.

ನಡೆಯಲು ಕಷ್ಟವಿರುವ ಗೆಳೆಯರು, ವೀಲ್‌ಚೇರ್‌ನಲ್ಲಿರುವವರು ನಿಮ್ಮ ಕ್ಲಾಸಿನಲ್ಲಿದ್ದರೆ, ಅವರನ್ನು ಮೊದಲೇ ಕೇಳಿ: ‘ಇಂಥ ಹೊತ್ತಿನಲ್ಲಿ ನಾನು ಹೇಗೆ ಜೊತೆಯಾಗಲಿ?’ ಮೆಟ್ಟಿಲ ಹತ್ತಿರ ‘ಏರಿಯಾ ಆಫ್ ರೆಫ್ಯೂಜ್’ ಅಂತ ಬರೆದ ಜಾಗವಿರುತ್ತದೆ, ಬೆಂಕಿ ಬಿದ್ದಾಗ ಅಲ್ಲಿಂದ ಅಗ್ನಿಶಾಮಕದವರಿಗೆ ಕರೆ ಮಾಡುವ ಬಟನ್ ಕೂಡ ಇರುತ್ತದೆ. ಆ ದಿನ ಬಂದಾಗ ಯೋಚಿಸಲು ಕೂತರೆ ಆಗುವುದಿಲ್ಲ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ

ಮಿಷಿಗನ್‌ನಲ್ಲಿ ಮೊದಲ ಗುಂಡು ಹಾರಿದಾಗ ಅಲ್ಲಿ ರಾತ್ರಿ ಎಂಟೂಕಾಲು ದಾಟಿತ್ತು. ಕರ್ನಾಟಕದಲ್ಲಿ ಬೆಳಗ್ಗೆ ಏಳಕ್ಕೆ ಹತ್ತು ಹನ್ನೆರಡು ನಿಮಿಷ ಇತ್ತು. ಕಾಫಿ ಲೋಟ ಹಿಡಿದು ಟಿವಿ ಹಾಕುವ ಹೊತ್ತು. ಸುದ್ದಿ ಕಂಡ ಕೂಡಲೇ ಮಗಳಿಗೆ ಫೋನ್ ಮಾಡಬೇಕು ಅನ್ನಿಸುತ್ತದೆ. ನಾನೂ ಒಬ್ಬ ತಂದೆ, ಆ ಸಂಕಟ ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ, ಫೋನ್ ಮಾಡಬೇಡಿ. ಕತ್ತಲ ಕೋಣೆಯಲ್ಲಿ ರಿಂಗ್ ಆಗುವ ಒಂದು ಫೋನ್ ಕೋಣೆಯಲ್ಲಿರುವ ಎಲ್ಲರನ್ನೂ ತೋರಿಸಿಕೊಡಬಹುದು. ಒಂದು ಮೆಸೇಜ್ ಹಾಕಿ ಕಾಯಿರಿ. ಚಿಕ್ಕಪ್ಪ, ದೊಡ್ಡಮ್ಮ, ಅತ್ತೆ, ಭಾವ ಎಲ್ಲರೂ ಒಬ್ಬೊಬ್ಬರೇ ಕೇಳದ ಹಾಗೆ ಮನೆಯಿಂದ ಒಬ್ಬರೇ ಮಾತಾಡುವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ, ಉಳಿದವರಿಗೆ ಅವರು ತಿಳಿಸಲಿ. ಮಗುವಿನ ರೂಮ್‌ಮೇಟ್ ನಂಬರ್ ಒಂದು ನಿಮ್ಮ ಹತ್ತಿರ ಇರಲಿ. ಕ್ಯಾಂಪಸ್ ಪೊಲೀಸಿಗೆ ಬೆಂಗಳೂರಿನಿಂದ ಕರೆ ಮಾಡಿದರೆ ಅಲ್ಲಿ ಲೈನ್ ತುಂಬಿಹೋಗುತ್ತದೆ. ಯೂನಿವರ್ಸಿಟಿಯ ವೆಬ್‌ಸೈಟ್ ನೋಡುತ್ತಿರಿ, ಖಚಿತ ಸುದ್ದಿ ಮೊದಲು ಅಲ್ಲೇ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಹಂಚಬೇಡಿ.

ಮಕ್ಕಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಅಡಗಿ ಕೂತು ಉಸಿರು ತಹಬದಿಗೆ ಬಂದ ಮೇಲೆ ಫೋನಿನ ಬೆಳಕು ತಗ್ಗಿಸಿ ಮನೆಗೆ ಒಂದು ಸಾಲು ಕಳಿಸಿ. ಈಗಲೇ ಬರೆದು ಫೋನಿನಲ್ಲಿ ಇಟ್ಟುಕೊಂಡರೆ ನಡುಗುವ ಕೈಯಲ್ಲಿ ಟೈಪ್ ಮಾಡುವ ಕಷ್ಟ ತಪ್ಪುತ್ತದೆ. ನಮ್ಮ ಲ್ಯಾಬಿನ ಒಬ್ಬ ಹುಡುಗಿ ಇಟ್ಟುಕೊಂಡಿರುವುದು ಹೀಗಿದೆ, ಅವಳ ಒಪ್ಪಿಗೆ ಪಡೆದು ಕೊಡುತ್ತಿದ್ದೇನೆ:

‘ಅಮ್ಮಾ, ಕ್ಯಾಂಪಸ್‌ನಲ್ಲಿ ಲಾಕ್‌ಡೌನ್ ಆಗಿದೆ. ನಾನು ಒಳಗೆ ಸೇಫಾಗಿದೀನಿ, ಬಾಗಿಲು ಹಾಕಿದೆ. ಫೋನ್ ಮಾಡಬೇಡ, ಸದ್ದಾಗುತ್ತೆ. ಮುಗಿದ ಕೂಡಲೇ ನಾನೇ ಮಾಡ್ತೀನಿ. ಅಪ್ಪಂಗೆ ಬಿಪಿ ಮಾತ್ರೆ ಕೊಡು.’